ದ್ವೀಪಕ್ಕೆ ಒಂದೆರಡು ಗಂಟೆ, ಉಡುಪಿಗೆ ಮೂರು ದಿನ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರು ಸ್ಟಾಪ್ ಮಿಸ್ ಮಾಡ್ಕೋಬೇಡಿ, ಆಮೇಲೆ ನನ್ನ ಬೈಬೇಡಿ.

ಇವತ್ತಿನ ವಿಷಯ ಸೇಂಟ್ ಮೇರೀಸ್ ದ್ವೀಪ. ಅದರ ರೀಲ್ಸ್ ನೀವು ಈಗಾಗಲೇ ನೂರು ನೋಡಿರ್ತೀರಿ. ಹಾಗಾಗಿ ನಾನು ಮಾತಾಡೋದು ಬೇರೆ ಒಂದು ಪ್ರಶ್ನೆ ಬಗ್ಗೆ: ಆ ದ್ವೀಪಕ್ಕೆ ಹೋಗೋಕೆ ಎಷ್ಟು ದಿನ ಇಟ್ಕೋಬೇಕು? ಇದೇನು ದೊಡ್ಡ ಪ್ರಶ್ನೆನಾ ಅನ್ಸಬಹುದು. ನನಗೂ ಹಾಗೇ ಅನ್ಸಿತ್ತು.

2021ರ ಅಕ್ಟೋಬರ್ ಕೊನೆ. ನಾವು ನಾಲ್ಕು ಜನ ಫ್ರೆಂಡ್ಸ್. ಶನಿವಾರ ರಾತ್ರಿ ಬೆಂಗಳೂರಿಂದ ಬಸ್, ಭಾನುವಾರ ಬೆಳಗ್ಗೆ ಮಲ್ಪೆ, ದ್ವೀಪ ನೋಡಿ ಅವತ್ತೇ ರಾತ್ರಿ ವಾಪಸ್, ಸೋಮವಾರ ಆಫೀಸು. ಪ್ಲಾನ್ ಅಂದ್ರೆ ಪ್ಲಾನ್! ಮಲ್ಪೆಗೆ ಹೋಗಿ ನಿಂತ್ರೆ, ಗಾಳಿ ಜೋರಿದೆ, ಇವತ್ತು ಬೋಟ್ ಇಲ್ಲ ಅಂದ್ರು.

ನಾವು ಜಗಳಕ್ಕೇ ನಿಂತ್ವಿ. "ಬಿಸಿಲು ಚೆನ್ನಾಗಿದೆಯಲ್ಲ, ಸಮುದ್ರ ಸರಿಯಾಗೇ ಕಾಣ್ತಿದೆಯಲ್ಲ" ಅಂತ ವಾದ. ಆಮೇಲೆ ದಡದಲ್ಲಿ ಬಲೆ ಸರಿ ಮಾಡ್ತಾ ಕೂತಿದ್ದ ಹಿರಿಯ ಮೀನುಗಾರರೊಬ್ಬರ ಹತ್ರ ಹೋಗಿ, "ಅಣ್ಣಾ, ಐದು ಸಾವಿರ ಕೊಡ್ತೀವಿ, ನಿಮ್ಮ ದೋಣಿಯಲ್ಲಿ ಬಿಟ್ಟುಬಿಡಿ" ಅಂತ ನಾನೇ ಕೇಳಿದೆ. ಅವರು ತಲೆ ಎತ್ತದೇ ಹೇಳಿದ್ರು: "ಕಡಲು ಎಲ್ಲಿಗೂ ಹೋಗುದಿಲ್ಲ ಮಾರಾಯ್ರೆ. ನಾಳೆ ಬನ್ನಿ."

ನಾಳೆ ನಮ್ಮ ಹತ್ರ ಇರಲಿಲ್ಲ. ಅದೇ ಸಮಸ್ಯೆ.

ಬಿಕಾಂನಲ್ಲಿ ಸಂಕ್ ಕಾಸ್ಟ್ ಅಂತ ಓದಿದ್ದೆ. ಈಗಾಗಲೇ ಖರ್ಚಾದ, ವಾಪಸ್ ಬರದ ದುಡ್ಡನ್ನ ಮುಂದಿನ ತೀರ್ಮಾನಕ್ಕೆ ಲೆಕ್ಕ ಹಿಡೀಬಾರದು ಅಂತ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ಮಲ್ಪೆ ದಡದಲ್ಲಿ ಅದರ ಒಂದಕ್ಷರವೂ ನೆನಪಾಗಲಿಲ್ಲ. ತಲೆಯಲ್ಲಿ ಇದ್ದಿದ್ದು ಎರಡೇ: ಬಸ್ಸಿಗೆ ಕೊಟ್ಟ ದುಡ್ಡು, ಕೈಯಲ್ಲಿ ಉಳಿದ ಗಂಟೆಗಳು.

ಐದಾರು ತಿಂಗಳಾದ ಮೇಲೆ, 2022ರ ಏಪ್ರಿಲ್‌ನಲ್ಲಿ, ಆ ಸುದ್ದಿ ಬಂತು. ಕೇರಳದಿಂದ ಕಾಲೇಜು ಪ್ರವಾಸಕ್ಕೆ ಬಂದಿದ್ದ ಮೂವರು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ಸಮುದ್ರಪಾಲಾದರು. ಅವರ ಬಗ್ಗೆ ತೀರ್ಪು ಹೇಳೋಕೆ ನಾನು ಯಾರೂ ಅಲ್ಲ. ಆದರೆ ಅವತ್ತು ರಾತ್ರಿ ನನಗೆ ನನ್ನ ಐದು ಸಾವಿರ ರೂಪಾಯಿ ನೆನಪಾಯ್ತು. ಆ ಅಣ್ಣ "ಆಯ್ತು, ಹತ್ತಿ" ಅಂದಿದ್ರೆ?

ಅದಾದ ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಮತ್ತೆ ಹೋದೆ. ಈ ಸಲ ಉಡುಪಿಯಲ್ಲಿ ಮೂರು ರಾತ್ರಿ ರೂಮ್. ಉಡುಪಿಯಿಂದ ಮಲ್ಪೆಗೆ ಐದಾರು ಕಿಲೋಮೀಟರ್ ಅಷ್ಟೇ, ಸಿಟಿ ಬಸ್ ಬೇಕಾದಷ್ಟಿವೆ.

ಮೊದಲ ದಿನ ದ್ವೀಪದ ತಂಟೆಗೇ ಹೋಗಲಿಲ್ಲ. ಬೆಳಗ್ಗೆ ಬೇಗ ಮಲ್ಪೆ ಬಂದರು. ಬೋಟುಗಳು ಬಂದು ನಿಲ್ತವೆ, ಬುಟ್ಟಿ ಬುಟ್ಟಿ ಬಂಗುಡೆ ಇಳಿಯುತ್ತೆ, ಪಕ್ಕದಲ್ಲೇ ಏಲಂ ಶುರು. ಅಲ್ಲಿ ಅರ್ಧ ಗಂಟೆ ನಿಂತ್ರೆ ಗೊತ್ತಾಗುತ್ತೆ, ಈ ಊರಲ್ಲಿ ಸಮುದ್ರ ಅಂದ್ರೆ ವ್ಯೂ ಅಲ್ಲ, ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಮೀನುಗಾರಿಕೆ ಇಲ್ಲಿ ನಿಷೇಧ. ಕಡಲನ್ನೇ ನಂಬಿದವರು ಕೂಡ ವರ್ಷಕ್ಕೆ ಎರಡು ತಿಂಗಳು ಸುಮ್ಮನೆ ಕಾಯ್ತಾರೆ. ನಮಗೆ ಒಂದು ದಿನ ಕಾಯೋಕೆ ಆಗಲ್ಲ!

ಸಂಜೆ ರಥಬೀದಿ. ಕೃಷ್ಣಮಠದ ಕಥೆ ಶುರುವಾಗೋದೂ ಇದೇ ಮಲ್ಪೆಯಿಂದ. ಬಿರುಗಾಳಿಗೆ ಸಿಕ್ಕ ಹಡಗನ್ನ ಮಧ್ವಾಚಾರ್ಯರು ದಡದಲ್ಲಿ ನಿಂತು ತಮ್ಮ ವಸ್ತ್ರ ಬೀಸಿ ಪಾರು ಮಾಡಿದರು, ಹಡಗಿನವನು ಕೊಟ್ಟ ಗೋಪಿಚಂದನದ ಗಡ್ಡೆಯೊಳಗೆ ಕೃಷ್ಣನ ಮೂರ್ತಿ ಇತ್ತು ಅನ್ನೋದು ನಂಬಿಕೆ. ಮಠದ ಎದುರಿಗಿರೋ ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳು ಮಠಕ್ಕಿಂತ ಹಳೆಯವು. ಮಠದ ಪೂಜೆಯ ಹೊಣೆ ಎರಡು ವರ್ಷಕ್ಕೊಮ್ಮೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತೆ, ಅದೇ ಪರ್ಯಾಯ. ಆಮೇಲೆ ಬಿಸಿ ಬಿಸಿ ಗೋಳಿಬಜೆ, ಮೇಲೆ ಒಂದು ಗಡ್‌ಬಡ್ ಐಸ್‌ಕ್ರೀಮ್.

ಎರಡನೇ ದಿನ ಸಮುದ್ರ ಶಾಂತವಾಗಿತ್ತು. ಬೋಟ್ ಹೊರಟಿತು. ಸುಮಾರು ಅರ್ಧ ಗಂಟೆ ದಾರಿ.

ಊರಿನವರು ಈ ದ್ವೀಪವನ್ನ ತೋನ್ಸೆಪಾರ್ ಅಂತಲೂ ಕರೀತಾರೆ. ಸೇಂಟ್ ಮೇರೀಸ್ ಅನ್ನೋ ಹೆಸರು 1498ರಲ್ಲಿ ವಾಸ್ಕೋ ಡ ಗಾಮ ಇಟ್ಟಿದ್ದು ಅನ್ನೋದು ಪ್ರತೀತಿ. ಆದರೆ ಅಲ್ಲಿನ ಕಲ್ಲಿನ ಮುಂದೆ 1498 ನಿನ್ನೆ ಮೊನ್ನೆ ಥರ. ಐದು ಮೂಲೆ, ಆರು ಮೂಲೆಯ ಕಂಬಗಳು, ಯಾರೋ ಕೆತ್ತಿ ಜೋಡಿಸಿಟ್ಟ ಹಾಗೆ. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರುಕು ಬಿಡುತ್ತಲ್ಲ, ಹಾಗೇ ಲಾವಾ ತಣ್ಣಗಾಗ್ತಾ ಕುಗ್ಗಿ, ಬಿರುಕು ಮೇಲಿಂದ ಕೆಳಗೆ ಇಳಿದು ಕಂಬಗಳಾಗಿವೆ. ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ. ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರೆಯಾದ ಕಾಲದ ಲಾವಾ ಇದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ.

ಅಲ್ಲಿ ರಾತ್ರಿ ಉಳಿಯೋ ಹಾಗಿಲ್ಲ. ಸಿಗೋದು ಒಂದೆರಡು ಗಂಟೆ. ಮೊದಲ ಸಲ ಹೋಗಿದ್ರೆ ಆ ಹೊತ್ತಲ್ಲಿ ಎಲ್ಲಾ ಬಂಡೆ ಹತ್ತಿ, ಎಲ್ಲಾ ಆಂಗಲ್‌ನಲ್ಲಿ ಫೋಟೊ ತೆಗೀಬೇಕು ಅಂತ ಓಡಾಡ್ತಿದ್ದೆ. ಈ ಸಲ ನೀರಿಂದ ದೂರ, ಒಣಗಿದ ಒಂದು ಕಂಬದ ಮೇಲೆ ಸುಮ್ಮನೆ ಕೂತೆ. ಅಲೆ ಬಡಿಯೋ ಬಂಡೆ ಪಾಚಿ ಕಟ್ಟಿ ಜಾರುತ್ತೆ, ಅಲ್ಲಿಗೆ ಹೋಗಲಿಲ್ಲ. ಒಂದು ಫೋಟೊ ಮಿಸ್ ಆದ್ರೆ ಆಗಲಿ, ನಾಳೆ ಇದೆಯಲ್ಲ ಅನ್ನೋ ಧೈರ್ಯ.

ಮೂರನೇ ದಿನ ಬೋಟ್ ಕ್ಯಾನ್ಸಲ್ ಆದ್ರೆ ಇರಲಿ ಅಂತ ಇಟ್ಕೊಂಡಿದ್ದು. ಬೇಕಾಗಲಿಲ್ಲ. ಹಾಗಾಗಿ ಕಾಪು ದೀಪಸ್ತಂಭ ನೋಡಿ ಬಂದೆ, 1901ರದ್ದು. ಮೀನೂಟ ಮಾಡಿ ಮಧ್ಯಾಹ್ನ ನಿದ್ದೆ ಹೊಡೆದೆ. ದಂಡ ಅನ್ನಿಸಲೇ ಇಲ್ಲ.

ನೀವು ಹೊರಡೋದಾದ್ರೆ ನೆನಪಿಡಿ. ದ್ವೀಪಕ್ಕೆ ಬೋಟ್ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇವರೆಗೆ. ಮಳೆಗಾಲದಲ್ಲಿ ಊರು ನೋಡಬಹುದು, ದ್ವೀಪ ಇಲ್ಲ. ಹೋಗಿ ಇಳಿದ ಮಾರನೇ ದಿನವೇ ದ್ವೀಪ ಇಟ್ಕೊಳ್ಳಿ, ಕೊನೇ ದಿನಕ್ಕೆ ಇಡಬೇಡಿ. ಆಗ ಒಂದು ದಿನ ಬೋಟ್ ನಿಂತ್ರೂ ಇನ್ನೊಂದು ದಿನ ಕೈಯಲ್ಲಿರುತ್ತೆ. ನೇತ್ರಾಣಿಗೆ ಸ್ಕೂಬಾ ಮಾಡೋಕೆ ಹೋಗ್ತೀನಿ ಅನ್ನೋರಿಗೂ ಇದೇ ಲೆಕ್ಕ. ಅದಕ್ಕೆ ಬೋಟ್ ಹೊರಡೋದು ಮುರುಡೇಶ್ವರದಿಂದ, ಹಿಂದಿನ ದಿನವೇ ಅಲ್ಲಿಗೆ ಹೋಗಿ ಉಳ್ಕೊಳ್ಳಿ. ಲೈಫ್ ಜಾಕೆಟ್ ಕೊಟ್ರೆ ಫೋಟೊಗೆ ಚೆನ್ನಾಗಿ ಕಾಣಲ್ಲ ಅಂತ ಬಿಚ್ಚಬೇಡಿ. ಕಾವಲುಗಾರರು ಸೀಟಿ ಊದಿದ್ರೆ ಅದು ನಿಮಗೇ.

ಹೆಚ್ಚುವರಿ ಒಂದು ರಾತ್ರಿ ಅಂದ್ರೆ ಖರ್ಚು ಹೌದು. ರಜೆ ಸಿಗಲ್ಲ ಅನ್ನೋದೂ ನಿಜ. ಹಾಗಿದ್ರೆ ಈ ತಿಂಗಳು ಬೇಡ, ಮೂರು ದಿನ ಸಿಕ್ಕಾಗ ಹೋಗಿ. ಆ ಒಂದು ರಾತ್ರಿಯ ಬಾಡಿಗೆಯಲ್ಲಿ ನಾವು ಕೊಂಡುಕೊಳ್ಳೋದು ರೂಮನ್ನಲ್ಲ. "ಇವತ್ತು ಬೇಡ" ಅಂತ ಯಾರಾದ್ರೂ ಅಂದಾಗ "ಸರಿ" ಅನ್ನೋ ಶಕ್ತಿಯನ್ನ.

ಆ ಹಿರಿಯರನ್ನ ಎರಡನೇ ಸಲ ಬಂದರಿನಲ್ಲಿ ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ರೆ ಒಂದು ಮಾತು ಹೇಳಬೇಕಿತ್ತು: ಅಣ್ಣಾ, ನಾಳೆ ಬಂದಿದ್ದೀನಿ.

ಇವತ್ತಿಗೆ ಇಷ್ಟು. ಭಾನುವಾರ ಒಂದೇ ದಿನಕ್ಕೆ ಮಲ್ಪೆ ಪ್ಲಾನ್ ಹಾಕ್ಕೊಂಡಿರೋ ಫ್ರೆಂಡ್ ಇದ್ರೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಸಿಗೋಣ. ಜೋಪಾನ.