ಫ್ಲೋರೆಸ್ ದ್ವೀಪದ ನೆತ್ತಿಯ ಚೌಕ

ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದ ಉತ್ತರ ತುದಿಗೆ ಪೆಟೆನ್ ಎಂಬ ಕಾಡುಸೀಮೆ. ಅಲ್ಲಿನ ಪೆಟೆನ್ ಇತ್ಸಾ ಸರೋವರದೊಳಗೆ, ಅರ್ಧ ಗಂಟೆಯೊಳಗೆ ಸುತ್ತಿ ಬರಬಹುದಾದ ಒಂದು ಪುಟ್ಟ ದ್ವೀಪ. ಅದರ ಮೇಲಿನ ಊರೇ ಫ್ಲೋರೆಸ್. ದಡದಿಂದ ಊರಿಗೆ ಈಗ ಏರಿ ಕಟ್ಟಿ ರಸ್ತೆ ಮಾಡಿದ್ದಾರೆ. ಓಣಿಗಳಲ್ಲಿ ಏರು ಹಿಡಿದು ನಡೆದರೆ ದಿಬ್ಬದ ನೆತ್ತಿಯ ಚೌಕ ಸಿಗುತ್ತದೆ. ಜೋಡಿ ಗೋಪುರದ ಬಿಳಿ ಚರ್ಚು, ಮರದ ನೆರಳು, ಕೂರಲು ಬೆಂಚು. ಸ್ಪೇನಿನವರು ಆಳಿದ ಯಾವ ಊರಿಗೆ ಹೋದರೂ ಕಾಣುವ ನೋಟ.

ಆದರೆ ಸ್ಪೇನಿಗೆ ಮಣಿಯದೆ ಉಳಿದಿದ್ದ ಕೊನೆಯ ಮಾಯಾ ರಾಜ್ಯದ ರಾಜಧಾನಿ ಇದೇ ದ್ವೀಪ. ಆಗ ಇದರ ಹೆಸರು ನೋಹ್‌ಪೆಟೆನ್. ಇತ್ಸಾ ಜನರ ಅರಸನಿಗೆ ಕಾನ್ ಎಕ್ ಎಂಬ ಬಿರುದು ತಲೆಮಾರಿನಿಂದ ತಲೆಮಾರಿಗೆ ನಡೆದುಬಂದಿತ್ತು.

ಈ ದ್ವೀಪಕ್ಕೆ ಕಾಲಿಟ್ಟ ಮೊದಲ ಸ್ಪ್ಯಾನಿಷ್ ದಂಡನಾಯಕ ಎರ್ನಾನ್ ಕೊರ್ತೆಸ್. ಮೆಕ್ಸಿಕೊವನ್ನು ಗೆದ್ದಿದ್ದ ಆತ, ತನಗೆ ತಿರುಗಿಬಿದ್ದ ಸರದಾರನೊಬ್ಬನನ್ನು ಶಿಕ್ಷಿಸಲು 1524ರಲ್ಲಿ ಹೊಂಡುರಾಸ್‌ಗೆ ಹೊರಟು, ಮರುವರ್ಷದ ಮಾರ್ಚ್‌ನಲ್ಲಿ ಈ ಸರೋವರ ಮುಟ್ಟಿದ. ಜಗಳವಾಗಲಿಲ್ಲ. ಕಾನ್ ಎಕ್ ಅವನನ್ನು ದ್ವೀಪಕ್ಕೆ ಕರೆದೊಯ್ದು ಸತ್ಕರಿಸಿದ. ಕಾಲಿಗೆ ಗಾಯವಾಗಿ ಕುಂಟುತ್ತಿದ್ದ ತನ್ನ ಕುದುರೆಯನ್ನು ಕೊರ್ತೆಸ್ ಅಲ್ಲಿಯೇ ಬಿಟ್ಟುಹೋದ. ಮತ್ತೆ ಅವನು ಈ ಕಡೆ ಬರಲೇ ಇಲ್ಲ.

ಮುಂದಿನ ಕಥೆ ಚೌಕದ ಇತಿಹಾಸದಲ್ಲೇ ಹೆಚ್ಚು ಸೊಗಸಾದದ್ದು. ಕುದುರೆಯನ್ನೇ ಕಂಡರಿಯದ ಜನ ಅದಕ್ಕೆ ಹೂವು, ಕೋಳಿಯ ಅಡುಗೆ ಇಟ್ಟು ಉಪಚರಿಸಿದರಂತೆ, ಅದು ಸತ್ತಿತು. ಸತ್ತ ಮೇಲೆ ಅದರ ಮೂರ್ತಿ ಮಾಡಿ, ಗುಡುಗಿನ ದೇವರೆಂದು ಗುಡಿಯಲ್ಲಿ ಕೂರಿಸಿದರು. 1618ರಲ್ಲಿ ಫುಎನ್ಸಾಲಿದಾ ಮತ್ತು ಓರ್ಬಿತಾ ಎಂಬ ಇಬ್ಬರು ಫ್ರಾನ್ಸಿಸ್ಕನ್ ಪಾದ್ರಿಗಳು ಮತಬೋಧನೆಗೆ ಬಂದಾಗ ಈ ಮೂರ್ತಿ ಕಣ್ಣಿಗೆ ಬಿತ್ತು. ಓರ್ಬಿತಾ ಕೆರಳಿ ಕಲ್ಲೆತ್ತಿಕೊಂಡು ಅದನ್ನು ಪುಡಿ ಮಾಡಿದ. ಊರೇ ಸಿಡಿದೆದ್ದಿತು, ಪಾದ್ರಿಗಳು ಜೀವ ಉಳಿಸಿಕೊಂಡು ಹೋದದ್ದೇ ಹೆಚ್ಚು. ಒಂದು ಮಾತು ಮಾತ್ರ ನೆನಪಿಡಬೇಕು. ಇದನ್ನೆಲ್ಲ ಬರೆದಿಟ್ಟವರು ಮೂರ್ತಿ ಒಡೆದವರ ಕಡೆಯವರು. ಹೂವು, ಕೋಳಿಯ ವಿವರಕ್ಕೆ ಒಂದಿಷ್ಟು ಉಪ್ಪುಖಾರ ಬಿದ್ದಿದ್ದರೆ ಆಶ್ಚರ್ಯವಿಲ್ಲ.

ಆಮೇಲೆ ಪಂಚಾಂಗದ ಸರದಿ. ನಮ್ಮ ಪ್ರಭವ, ವಿಭವ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುವಂತೆ, ಮಾಯಾ ಜನರಲ್ಲಿ ಸುಮಾರು ಇಪ್ಪತ್ತು ವರ್ಷದ ‘ಕಾತುನ್’ ಎಂಬ ಅವಧಿಗಳು 13 ಇದ್ದವು. ಒಂದು ಸುತ್ತಿಗೆ ಸುಮಾರು 256 ವರ್ಷ. ಅದರಲ್ಲಿ ಒಂದು ಕಾತುನ್ ಬಂತೆಂದರೆ ರಾಜ್ಯ ಪಲ್ಲಟವಾಗುತ್ತದೆಂಬ ನಂಬಿಕೆ. 1696ರ ಜನವರಿಯಲ್ಲಿ ಇಲ್ಲಿಗೆ ಬಂದ ಪಾದ್ರಿ ಅವೆಂದಾನ್ಯೊ ಮಾಯಾ ಲೆಕ್ಕಾಚಾರವನ್ನು ಕಲಿತವನು. ಆ ಕಾತುನ್ ಹತ್ತಿರವಾಗಿದೆ, ಇನ್ನು ಕ್ರೈಸ್ತರಾಗಿ ಎಂದು ಅವರದೇ ಪಂಚಾಂಗ ಹಿಡಿದು ವಾದಿಸಿದ.

ಭವಿಷ್ಯವಾಣಿಗೆ ತಲೆಬಾಗಿ ರಾಜ್ಯ ಬಿದ್ದಿತು ಎಂದು ಹೇಳುವವರುಂಟು. ನಡೆದದ್ದನ್ನು ನೋಡಿದರೆ ಅದು ಗೆದ್ದವರಿಗೆ ಅನುಕೂಲವಾದ ವಿವರಣೆ ಅನ್ನಿಸುತ್ತದೆ. ಸ್ಪ್ಯಾನಿಷ್ ದಂಡನಾಯಕ ಮಾರ್ತಿನ್ ದೆ ಉರ್ಸುವಾ ಪಂಚಾಂಗವನ್ನು ನೆಚ್ಚಿ ಕೂರಲಿಲ್ಲ. ಸರೋವರದ ದಡದಲ್ಲೇ ಯುದ್ಧದ ದೋಣಿ ಕಟ್ಟಿಸಿ, 1697ರ ಮಾರ್ಚ್ 13ರ ಬೆಳಗ್ಗೆ ನೂರಕ್ಕೂ ಹೆಚ್ಚು ಸೈನಿಕರೊಡನೆ ದ್ವೀಪಕ್ಕೆ ನುಗ್ಗಿದ. ಇತ್ಸಾ ಜನ ಬಾಣ ಬಿಟ್ಟು ಎದುರಿಸಿದರು. ಕೋವಿಗಳ ಮುಂದೆ ಅದು ಸಾಲಲಿಲ್ಲ; ಬದುಕುಳಿದವರು ನೀರಿಗೆ ಹಾರಿ ಈಜಿದರು. ಸೈನಿಕರು ಗುಡಿಗಳಲ್ಲಿದ್ದ ಮೂರ್ತಿಗಳನ್ನು ಒಡೆಯುವುದರಲ್ಲೇ ಆ ದಿನ ಕಳೆದರು. ಮುಖ್ಯ ಗುಡಿ ಇದ್ದ ನೆತ್ತಿಯ ಮೇಲೆ ಚರ್ಚು ಬಂತು, ಅದರ ಮುಂದೆ ಚೌಕ ಬಂತು.

ಮುಂದೆ ಸ್ಪೇನಿನವರಿಗೆ ಈ ದೂರದ ದ್ವೀಪ ಕೈದಿಗಳನ್ನು ಸಾಗಹಾಕುವ ಜಾಗವಾಯಿತು. ಗ್ವಾಟೆಮಾಲ ಸ್ವತಂತ್ರವಾದ ಮೇಲೆ, 1826ರಲ್ಲಿ ಜನರ ಗುಂಪಿನ ಕೈಗೆ ಸಿಕ್ಕಿ ಕೊಲೆಯಾದ ಉದಾರವಾದಿ ನಾಯಕ ಸಿರಿಲೊ ಫ್ಲೋರೆಸ್‌ನ ಹೆಸರನ್ನು 1831ರಲ್ಲಿ ಊರಿಗೆ ಇಟ್ಟರು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಊರಿಗೆ ಹಣ ತಂದುಕೊಟ್ಟದ್ದು ಕನ್ನಡಿಗರಿಗೂ ಗೊತ್ತಿರುವ ಮರ: ಸಪೋಟ. ಪೆಟೆನ್ ಕಾಡಿನಲ್ಲಿ ಅದು ಮುಗಿಲೆತ್ತರ ಬೆಳೆಯುತ್ತದೆ. ಅದರ ತೊಗಟೆಗೆ ಮಚ್ಚಿನಿಂದ ಗೀರು ಹಾಕಿ, ಇಳಿದ ಹಾಲನ್ನು ಕುದಿಸಿ ಗಟ್ಟಿಮಾಡಿ ಅಮೆರಿಕದ ಚೂಯಿಂಗ್ ಗಮ್ ಕಾರ್ಖಾನೆಗಳಿಗೆ ಕಳಿಸುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಕೃತಕ ಅಂಟು ಬಂದು ಆ ವ್ಯಾಪಾರ ಕುಸಿಯಿತು.

ಈಗ ಊರು ನಡೆಯುವುದು ಪ್ರವಾಸಿಗರಿಂದ, ಪ್ರವಾಸಿಗರು ಬರುವುದು ಟಿಕಾಲ್‌ಗಾಗಿ. ಕಾಡಿನಲ್ಲಿ ಮುಚ್ಚಿಹೋಗಿದ್ದ ಆ ಮಾಯಾ ಪಾಳುನಗರವನ್ನು 1848ರಲ್ಲಿ ಸರ್ಕಾರದ ಪರವಾಗಿ ಹೋಗಿ ನೋಡಿ ವರದಿ ಬರೆದವನು ಪೆಟೆನ್‌ನ ಅಧಿಕಾರಿ ಮೊದೆಸ್ತೊ ಮೆಂದೆಸ್. ಬಹುತೇಕರು ನೀರಂಚಿನ ಹೋಟೆಲಿನಲ್ಲಿ ರಾತ್ರಿ ಕಳೆದು, ನಸುಕಿನಲ್ಲೇ ಟಿಕಾಲ್ ವ್ಯಾನು ಹತ್ತುತ್ತಾರೆ. ಚೌಕದ ಕಡೆ ಹತ್ತುವ ವ್ಯವಧಾನ ಕಡಿಮೆ. ಟಿಕಾಲ್‌ನಲ್ಲಿ ಸಿಕ್ಕಿರುವ ಕೊನೆಯ ತೇದಿಯ ಶಾಸನಕಲ್ಲು 869ರದು. ಫ್ಲೋರೆಸ್‌ನ ನೆತ್ತಿಯ ಗುಡಿಗಳಲ್ಲಿ ಪೂಜೆ ನಿಂತದ್ದು ಅದಾಗಿ 828 ವರ್ಷಗಳ ಮೇಲೆ.