ಭತ್ತದ ಎಲೆಗೂ ಒಬ್ಬ ಕಾವಲುಗಾರ

(ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ನೀವೆಲ್ಲ ನಾಟಿ ಮಾಡಿದವರು. ಭತ್ತದ ಕಷ್ಟ ನಾನು ಹೇಳಬೇಕಾಗಿಲ್ಲ. ಆದರೂ ಒಂದು ಕೇಳ್ತೀನಿ. ಪೈರು ಹಸಿರಾಗಿ ನಿಂತಿರುತ್ತೆ. ಮಳೆಗಾಳಿ ಬಂದು ಹೋಗುತ್ತೆ. ಆಮೇಲೆ ಎಲೆಯ ತುದಿ, ಅಂಚು ಹಳದಿ ಆಗುತ್ತೆ. ಒಣಗಿ ಹುಲ್ಲಿನ ಬಣ್ಣಕ್ಕೆ ಬರುತ್ತೆ. ನೋಡಿದ್ದೀರಲ್ಲ? ತುಂಗಭದ್ರಾ ಕಾಲುವೆ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಇದರ ಹೆಸರು ದುಂಡಾಣು ಅಂಗಮಾರಿ ರೋಗ.

ದುಂಡಾಣು ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ. ಒಂದೊಂದಾಗಿ ಕಾಣೋದಿಲ್ಲ. ಗುಂಪಾಗಿ ಬಂದರೆ ಕಾಣುತ್ತೆ. ರೋಗದ ಎಲೆಯನ್ನು ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ಹಾಕಿ, ಕತ್ತರಿಸಿದ ತುದಿ ಮುಳುಗುವಂತೆ ಇಡಿ. ಸ್ವಲ್ಪ ಹೊತ್ತಿಗೆ ಹಾಲಿನಂಥದ್ದು ನೀರಿಗೆ ಇಳಿಯುತ್ತೆ. ಅದೇ ದುಂಡಾಣುಗಳ ದಂಡು.

ಎಲೆಯಲ್ಲಿ ಗಾಯ ಇದ್ದರೆ ಅದು ಸುಲಭವಾಗಿ ಒಳಗೆ ಹೋಗುತ್ತೆ. ಸಸಿ ಉದ್ದವಾಯ್ತು ಅಂತ ತುದಿ ಕತ್ತರಿಸಿ ನೆಡುವ ರೂಢಿ ಕೆಲವು ಕಡೆ ಇದೆ. ರೋಗ ಇರುವ ಕಡೆ ಅದು ಬೇಡ. ಕತ್ತರಿಸಿದ ಜಾಗವೇ ಅದಕ್ಕೆ ಬಾಗಿಲು. ಯೂರಿಯಾ ಹೆಚ್ಚು ಸುರಿದರೂ ರೋಗ ಜೋರಾಗುತ್ತೆ. ಒಮ್ಮೆ ಹತ್ತಿದ ಮೇಲೆ ಔಷಧಿ ಹೊಡೆದು ಗೆಲ್ಲೋದು ಬಹಳ ಕಷ್ಟ.

ಪೈರಿಗೇ ತಡೆಯುವ ಶಕ್ತಿ ಇದ್ದರೆ?

ಆಫ್ರಿಕಾದ ಮಾಲಿ ದೇಶದಲ್ಲಿ ಒಂದು ಕಾಡುಭತ್ತ ಇದೆ. ನೋಡಿದರೆ ಕಳೆ ಅನ್ನಬೇಕು. ಆದರೆ ಈ ರೋಗಕ್ಕೆ ಅದು ಬಗ್ಗಲಿಲ್ಲ. ಫಿಲಿಪೈನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗುರುದೇವ್ ಖುಷ್ ಮತ್ತು ಜೊತೆಗಾರರು ಆ ಗುಣವನ್ನು ಊಟದ ಭತ್ತಕ್ಕೆ ತಂದರು. ಪರಾಗ ಬೆರೆಸಿ, ವರ್ಷಗಟ್ಟಲೆ ಆರಿಸಿ ಆರಿಸಿ ತಂದರು.

ಆ ಗುಣ ಪೈರಿನಲ್ಲಿ ಎಲ್ಲಿ ಅಡಗಿದೆ? ಇದನ್ನು ಹುಡುಕಲು ಹೊರಟವರು ಒಬ್ಬ ಹೆಣ್ಣುಮಗಳು. ಹೆಸರು ಪಮೇಲಾ ರೊನಾಲ್ಡ್. ಅಮೆರಿಕದ ಡೇವಿಸ್ ಊರಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿ. ಅವರ ಗಂಡ ಸಾವಯವ ಬೇಸಾಯ ಮಾಡುವವರು. ತಾಯಿಯ ಮೂಗು ಮಗಳಿಗೆ ಬರುತ್ತಲ್ಲ? ಹಾಗೆ ಗುಣ ದಾಟಿಸುವುದಕ್ಕೆ ಜೀನ್ ಅಂತಾರೆ. 1995ರಲ್ಲಿ ಅವರ ತಂಡ ಆ ಜೀನನ್ನು ಬೇರ್ಪಡಿಸಿ ತೋರಿಸಿತು. ಅದರಿಂದ ಆಗುವ ವಸ್ತು ಪೈರಿನ ಜೀವಕೋಶದ ಬಾಗಿಲಲ್ಲಿ ಕಾವಲುಗಾರನಂತೆ ನಿಲ್ಲುತ್ತೆ. ದುಂಡಾಣು ಬಂದ ಕೂಡಲೆ ಒಳಗೆ ಸುದ್ದಿ ಮುಟ್ಟಿಸುತ್ತೆ. ಪೈರು ಕಾದಾಟಕ್ಕೆ ನಿಲ್ಲುತ್ತೆ.

ಕಾವಲುಗಾರ ಕಳ್ಳನನ್ನು ಯಾವ ಗುರುತಿನಿಂದ ಹಿಡಿಯುತ್ತಾನೆ? ಗುರುತು ಸಿಕ್ಕಿತು ಅಂತ 2009ರಲ್ಲಿ ಬರೆದರು. ಆಮೇಲೆ ಪ್ರಯೋಗಶಾಲೆಗೆ ಬಂದ ಹೊಸಬರು ಮತ್ತೆ ಮಾಡಿ ನೋಡಿದರು. ಲೆಕ್ಕ ಸರಿಹೋಗಲಿಲ್ಲ. ಕೂಡಿಟ್ಟಿದ್ದ ದುಂಡಾಣುಗಳಲ್ಲೇ ಅದಲುಬದಲು ಆಗಿತ್ತು. ರೊನಾಲ್ಡ್ ಮುಚ್ಚಿಡಲಿಲ್ಲ. ತಪ್ಪಾಯ್ತು ಅಂತ ತಾವೇ ಎಲ್ಲರ ಮುಂದೆ ಹೇಳಿದರು. 2013ರಲ್ಲಿ ಬರಹ ವಾಪಸ್ ಪಡೆದರು. ದೊಡ್ಡ ಹೆಸರು ಇದ್ದವರಿಗೆ ಇದೇನು ಸಣ್ಣ ಮಾತಾ? ಮತ್ತೆ ಹುಡುಕಿದರು. 2015ರಲ್ಲಿ ನಿಜವಾದ ಗುರುತು ಸಿಕ್ಕಿತು.

ಇದರಿಂದ ನಮಗೇನು ಬಂತು ಅಂತೀರಾ? ಬೀಜ ಬಂತು. ಹೈದರಾಬಾದಿನ ವಿಜ್ಞಾನಿಗಳು ಸಾಂಬಾ ಮಸೂರಿ ಭತ್ತಕ್ಕೆ ಈ ಜೀನ್ ಸೇರಿಸಿದರು. ಜೊತೆಗೆ ಇನ್ನೂ ಎರಡು. ದುಂಡಾಣು ಒಂದನ್ನು ದಾಟಿದರೂ ಉಳಿದವು ತಡೆಯಲಿ ಅಂತ. ಅದನ್ನೂ ತಳಿ ಬೆರೆಸಿಯೇ ಮಾಡಿದ್ದು. 2008ರಲ್ಲಿ ಬಿಡುಗಡೆ ಆಯಿತು. ಹೆಸರು ಸುಧಾರಿತ ಸಾಂಬಾ ಮಸೂರಿ. ಕಾಳು ಮೊದಲಿನಂತೆ ಸಣ್ಣ ಕಾಳೇ.

ಬೀಜದ ಚೀಲಕ್ಕೆ ಚೀಟಿ ಇರುತ್ತೆ. ತಳಿಯ ಹೆಸರು ಅದರಲ್ಲಿ ಬರೆದಿರುತ್ತೆ. ಬರೀ ಸಾಂಬಾ ಮಸೂರಿ ಅಂತ ಇದ್ದರೆ ಅದು ಹಳೆಯದು. ನಮಗೆ ಬೇಕಾದದ್ದು ಮೂರು ಪದದ್ದು. ಚೀಟಿ ಇಂಗ್ಲಿಷಿನಲ್ಲಿದ್ದರೆ ಅಂಗಡಿಯವರ ಕೈಲೇ ಓದಿಸಿ.