ರಾಷ್ಟ್ರೀಯ ವಾಣಿಜ್ಯ ಪತ್ರಿಕೆಗಳಲ್ಲಿ ಕರ್ನಾಟಕ

ರಾಷ್ಟ್ರೀಯ ವಾಣಿಜ್ಯ ಪತ್ರಿಕೆಗಳಲ್ಲಿ ಕರ್ನಾಟಕದ ಸುದ್ದಿಗೆ ಬರವಿಲ್ಲ. ಇನ್ಫೊಸಿಸ್, ವಿಪ್ರೊ ಕಂಪನಿಗಳ ತ್ರೈಮಾಸಿಕ ಫಲಿತಾಂಶ, ನವೋದ್ಯಮಗಳಿಗೆ ಬಂದ ಬಂಡವಾಳ, ಹೊರವರ್ತುಲ ರಸ್ತೆಯ ವಾಹನ ದಟ್ಟಣೆ ಎಲ್ಲವೂ ಅಲ್ಲಿ ಸಿಗುತ್ತವೆ. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟು, ಉದ್ಯಮಿಗಳ ವಿರೋಧದಿಂದ ಬೆನ್ನಲ್ಲೇ ತಡೆಹಿಡಿದಾಗಲೂ ಅದು ದೇಶದ ಸುದ್ದಿಯಾಯಿತು. ಹಾಗಾಗಿ ನನ್ನ ತಕರಾರು ಸುದ್ದಿಯ ಪ್ರಮಾಣದ ಬಗ್ಗೆ ಅಲ್ಲ, ಅಳತೆಗೋಲಿನ ಬಗ್ಗೆ. ಷೇರುಪೇಟೆಯಲ್ಲಿ ಹೆಸರಿರುವ ಕಂಪನಿಗೆ ಏನಾಯಿತು ಎಂಬುದರಿಂದಲೇ ಈ ಪತ್ರಿಕೆಗಳು ರಾಜ್ಯವನ್ನು ಅಳೆಯುತ್ತವೆ. ಆ ಪಟ್ಟಿಯ ಹೊರಗಿನ ವ್ಯಾಪಾರ ಎಷ್ಟೇ ದೊಡ್ಡದಿರಲಿ, ಜಿಲ್ಲಾ ಸುದ್ದಿಯಾಗಿ ಉಳಿದುಬಿಡುತ್ತದೆ.

ಅಡಿಕೆಯನ್ನೇ ನೋಡೋಣ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಶಿವಮೊಗ್ಗ, ಶಿರಸಿ, ಪುತ್ತೂರು, ಚನ್ನಗಿರಿಗಳಲ್ಲಿ ಅಡಿಕೆಯ ಬಗೆಗೆ ತಕ್ಕಂತೆ ಚಾಲಿಗೆ ಒಂದು ಧಾರಣೆ, ರಾಶಿ ಇಡಿಗೆ ಇನ್ನೊಂದು, ಸರಕಿಗೆ ಮತ್ತೊಂದು. ಆ ಧಾರಣೆಯ ಮೇಲೆ ಮಗಳ ಮದುವೆ, ಸೊಸೈಟಿ ಸಾಲದ ಕಂತು, ಪೇಟೆಯ ಬಟ್ಟೆ ಅಂಗಡಿಯ ವ್ಯಾಪಾರ ನಿಂತಿರುತ್ತದೆ. ಈ ವಹಿವಾಟನ್ನು ಸಂಘಟಿಸಿದವು 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊದಂಥ ಸಹಕಾರ ಸಂಸ್ಥೆಗಳು. ಸಹಕಾರ ಸಂಸ್ಥೆಗೆ ಷೇರುಪೇಟೆಯಲ್ಲಿ ದರವಿಲ್ಲ, ವಿಶ್ಲೇಷಕರ ವರದಿಯೂ ಇಲ್ಲ. ಆದರೆ ಅಡಿಕೆಯ ಹಣೆಬರಹದ ದೊಡ್ಡ ಪಾಲು ಬರೆಯಲ್ಪಡುವುದು ದೆಹಲಿಯಲ್ಲಿ. 2022ರಲ್ಲಿ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ದರದ ಷರತ್ತಿಲ್ಲದೆ ತರಿಸಲು ಕೇಂದ್ರ ಅನುಮತಿ ಕೊಟ್ಟಿತು. 2023ರ ಫೆಬ್ರುವರಿಯಲ್ಲಿ ಆ ಕನಿಷ್ಠ ದರವನ್ನು ಕೆ.ಜಿ.ಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಉಕ್ಕಿನ ಆಮದು ಸುಂಕ ಬದಲಾದರೆ ಸಂಪಾದಕೀಯ ಬರೆಯುವವರಿಗೆ ಇದೂ ಅದೇ ಜಾತಿಯ ವಿಷಯ ಎಂದು ಅನ್ನಿಸಬೇಕಿತ್ತು.

ಕರಾವಳಿಯ ಬ್ಯಾಂಕುಗಳ ಕಥೆಯಲ್ಲೂ ಇದೇ ಅಳತೆಗೋಲು. ಉಡುಪಿಯಲ್ಲಿ 1906ರಲ್ಲಿ ಕಾರ್ಪೊರೇಷನ್, 1925ರಲ್ಲಿ ಸಿಂಡಿಕೇಟ್, ಮಂಗಳೂರಿನಲ್ಲಿ 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಸಿಂಡಿಕೇಟಿನ ಪಿಗ್ಮಿ ಏಜೆಂಟರು 1928ರಿಂದ ಮನೆಮನೆಗೆ ಹೋಗಿ ಚಿಲ್ಲರೆ ಕಾಸನ್ನು ಉಳಿತಾಯವಾಗಿ ಕೂಡಿಸಿದರು. 2019 ಮತ್ತು 2020ರ ಏಪ್ರಿಲ್‌ಗಳಲ್ಲಿ ಈ ಮೂರೂ ದೊಡ್ಡ ಬ್ಯಾಂಕುಗಳೊಳಗೆ ವಿಲೀನವಾದಾಗ ಚರ್ಚೆ ಹೆಚ್ಚಾಗಿ ನಡೆದದ್ದು ಷೇರು ವಿನಿಮಯದ ಅನುಪಾತ ಮತ್ತು ವಸೂಲಾಗದ ಸಾಲದ ಸುತ್ತ. ಮಂಗಳೂರು, ಮಣಿಪಾಲಗಳಿಂದ ಪ್ರಧಾನ ಕಚೇರಿ ಎದ್ದುಹೋದರೆ ಅಲ್ಲಿನ ಸಣ್ಣ ಉದ್ಯಮಿಯ ಸಾಲದ ಅರ್ಜಿ ಯಾರ ಮೇಜಿಗೆ ಹೋಗುತ್ತದೆ ಎಂಬ ಪ್ರಶ್ನೆಯೂ ಅಷ್ಟೇ ಅಪ್ಪಟ ವಾಣಿಜ್ಯ ಪ್ರಶ್ನೆ.

ರಾಜ್ಯದ ಆಂತರಿಕ ಉತ್ಪನ್ನದ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯದೇ ಆಗಿರುವಾಗ ಪತ್ರಿಕೆಗಳು ಅಲ್ಲಿಗೆ ಹೋಗುವುದು ಸಹಜವಲ್ಲವೇ ಎಂದು ಕೇಳಬಹುದು. ಸಹಜವೇ. ಆದರೆ ಅದೇ ಲೆಕ್ಕ ಹೆಚ್ಚಿನ ಪಾಲು ಹೊರಗಿದೆ ಎಂದೂ ಹೇಳುತ್ತದೆ. ಓದುಗ ಹೂಡಿಕೆದಾರ, ಅವನಿಗೆ ಅಡಿಕೆ ಬೇಡ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ಈ ಪತ್ರಿಕೆಗಳನ್ನು ಸಚಿವಾಲಯದ ಅಧಿಕಾರಿಗಳೂ ಬ್ಯಾಂಕಿನ ಮುಖ್ಯಸ್ಥರೂ ಓದುತ್ತಾರೆ. ಅವರ ಕಣ್ಣಿಗೆ ಬೀಳದ ಬೆಳೆ ಅವರ ಕಡತದಲ್ಲೂ ಹಿಂದೆ ಬೀಳುತ್ತದೆ. ಇದು ಮಾಡಲಾಗದ ಕೆಲಸವೂ ಅಲ್ಲ: ಬಿಸಿನೆಸ್‌ಲೈನ್ ಪತ್ರಿಕೆ ಮಂಗಳೂರಿನಿಂದ ಅಡಿಕೆಯ ಸುದ್ದಿಯನ್ನು ವರದಿ ಮಾಡುತ್ತಾ ಬಂದಿದೆ. ಉಳಿದ ಪತ್ರಿಕೆಗಳೂ ಶಿವಮೊಗ್ಗಕ್ಕೊಬ್ಬ, ಹುಬ್ಬಳ್ಳಿಗೊಬ್ಬ, ಕಲಬುರಗಿಗೊಬ್ಬ ವಾಣಿಜ್ಯ ವರದಿಗಾರರನ್ನು ನೇಮಿಸಲಿ. ಆ ಊರುಗಳ ವರ್ತಕರ ಸಂಘಗಳೂ ಎಪಿಎಂಸಿಗಳೂ ತಮ್ಮ ಲೆಕ್ಕಪತ್ರಗಳನ್ನು ಅವರ ಮುಂದೆ ಬಿಚ್ಚಿಡಲಿ.